54 ಅಂಕ ಕಡಿಮೆ ಬಂತು, ರ‍್ಯಾಂಕ್ ಒಂದು ಲಕ್ಷ ಸ್ಥಾನ ಮೇಲೇರಿತು

ಚಿಕ್ಕಪ್ಪನ ಮಗಳು ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದಳು. ಅಷ್ಟು ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ ಅವಳು. "ಅಕ್ಕಾ, ನೀನು ರಿಪೀಟ್ ಮಾಡಿದ್ದು ಒಳ್ಳೇದಾಯ್ತಾ?" ಅಂತ ಕೇಳಿ ಸುಮ್ಮನಾದಳು. ಹೌದು ಅಂದುಬಿಡೋದು ಸುಲಭ. ಮೆಡಿಕಲ್ ಸೀಟು ಸಿಕ್ಕವರೆಲ್ಲ ಹೌದು ಅಂತಲೇ ಹೇಳುತ್ತಾರೆ, ಅಲ್ವಾ? ನಾನು "ನಾಳೆ ಹೇಳ್ತೀನಿ" ಅಂದೆ. ಫೋನಿನಲ್ಲಿ ಹೇಳಲು ಹೋದರೆ ಎರಡು ನಿಮಿಷಕ್ಕೆ ಬುದ್ಧಿವಾದಕ್ಕೆ ಇಳಿಯುತ್ತೇನೆ, ನನ್ನ ಬಗ್ಗೆ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಂಕ ಹೇಳಿಬಿಡುತ್ತೇನೆ. ನೀಟ್ ಅಂದರೆ ಎಂಬಿಬಿಎಸ್‌ನಂಥ ಕೋರ್ಸಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ, ಒಟ್ಟು 720 ಅಂಕ. 2024ರ ನೀಟ್‌ನಲ್ಲಿ ನನಗೆ 541. ಒಂದು ವರ್ಷ ಕೂತು ಓದಿ 2025ರಲ್ಲಿ ಮತ್ತೆ ಬರೆದೆ. ಬಂದದ್ದು 487. ಹೌದು, ಎರಡನೇ ಸಲ ಕಡಿಮೆ. ಬರೆಯುವಾಗ ಅದಲುಬದಲಾಗಿಲ್ಲ.

2024ರ ಫಲಿತಾಂಶ ಜೂನ್ 14ಕ್ಕೆ ಬರುತ್ತೆ ಅಂತ ಇತ್ತು. ಹತ್ತು ದಿನ ಮೊದಲೇ, ಜೂನ್ 4ರ ಸಂಜೆ ಬಂದುಬಿಟ್ಟಿತು. ಅವತ್ತು ಲೋಕಸಭಾ ಚುನಾವಣೆಯ ಮತ ಎಣಿಕೆ. ಮನೆಯವರೆಲ್ಲ ಟಿವಿ ಮುಂದೆ. ಅಪ್ಪ ಯಾವ ಪಕ್ಷಕ್ಕೆ ಎಷ್ಟು ಸೀಟು ಅಂತ ಪೇಪರಿನ ಅಂಚಿನಲ್ಲಿ ಕೂಡಿಸುತ್ತಿದ್ದರು. ನಾನು ಒಳಗಿನ ರೂಮಿನಲ್ಲಿ ನನ್ನ ಒಂದೇ ಒಂದು ಸೀಟಿನ ಲೆಕ್ಕದಲ್ಲಿದ್ದೆ.

ಅಂಕ ಎಷ್ಟು ಅಂತ ಮೊದಲೇ ಗೊತ್ತಿತ್ತು. ಕೀ ಆನ್ಸರ್ ಇಟ್ಟುಕೊಂಡು ನಾಲ್ಕು ಸಲ ಕೂಡಿಸಿದ್ದೆ. 546. ಹಿಂದಿನ ವರ್ಷದ ಲೆಕ್ಕದಲ್ಲಿ ಆ ಅಂಕಕ್ಕೆ ರ‍್ಯಾಂಕ್ ಎಪ್ಪತ್ತು ಎಂಬತ್ತು ಸಾವಿರದ ಒಳಗೆ ಬರಬೇಕು. ಪೇಜ್ ತೆರೆದು ನೋಡಿದರೆ ಒಂದೂವರೆ ಲಕ್ಷದ ಆಚೆ. ಕಣ್ಣು ತಪ್ಪಿತೇನೋ ಅಂತ ಅಂಕಿಗಳನ್ನು ಬೆರಳಿಟ್ಟು ಎಣಿಸಿದೆ. ಆರು ಅಂಕಿ. ಆ ವರ್ಷ 67 ಜನರಿಗೆ 720ಕ್ಕೆ 720 ಬಂದಿತ್ತು. ಮೇಲೆ ಅಷ್ಟು ಜನ ಒತ್ತಿಕೊಂಡು ನಿಂತ ಮೇಲೆ ಕೆಳಗಿದ್ದ ನಾವು ಎಲ್ಲಿಗೆ ಹೋಗಬೇಕು?

ಟಿವಿ ಮುಂದಿಂದ ಅಪ್ಪ "ಎಷ್ಟಾಯ್ತಮ್ಮ?" ಅಂದರು. "546" ಅಂದೆ. "ಭೇಷ್" ಅಂದರು. ರ‍್ಯಾಂಕ್ ಹೇಳಿದ್ದು ಮರುದಿನ.

ಆಮೇಲೆ ನಡೆದದ್ದು ಇಡೀ ದೇಶಕ್ಕೆ ಗೊತ್ತು. 1,563 ಜನರಿಗೆ ಕೊಟ್ಟಿದ್ದ ಗ್ರೇಸ್ ಅಂಕ ರದ್ದಾಯಿತು, ಅವರಿಗೆ ಜೂನ್ 23ಕ್ಕೆ ಮರುಪರೀಕ್ಷೆ ಇಟ್ಟರು, ಪೇಪರ್ ಸೋರಿಕೆ ಅಂತ ಗಲಾಟೆ ಆಯಿತು, ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ನನಗೆ ಇದರಲ್ಲಿ ಒಂದೇ ಆಸೆ: ಎಲ್ಲರಿಗೂ ಮರುಪರೀಕ್ಷೆ ಆಗಲಿ. ದಿನಾ ಬೆಳಿಗ್ಗೆ ಎದ್ದವಳೇ ಫೋನಿನಲ್ಲಿ ಕೋರ್ಟಿನ ಸುದ್ದಿ ನೋಡುವುದು. ಪುಸ್ತಕ ತೆರೆಯುವ ಮಾತೇ ಇಲ್ಲ. ಮರುಪರೀಕ್ಷೆ ಬೇಕು ಅಂತ ಕಾಯುವವಳು ಅದಕ್ಕೆ ಓದಬೇಕು ತಾನೇ? ಅದೂ ಹೊಳೆಯಲಿಲ್ಲ. ಜುಲೈ 23ಕ್ಕೆ ಕೋರ್ಟು ಮರುಪರೀಕ್ಷೆ ಇಲ್ಲ ಅಂದಿತು. ಎಣಿಸಿ ನೋಡಿದರೆ ಸರಿಯಾಗಿ ಏಳು ವಾರ ಕಳೆದುಕೊಂಡಿದ್ದೆ.

ಇನ್ನೂ ಒಂದು ಬಾಕಿ ಇತ್ತು. ಫಿಸಿಕ್ಸ್‌ನಲ್ಲಿ ಪರಮಾಣುವಿನ ಬಗ್ಗೆ ಎರಡು ಹೇಳಿಕೆಗಳ ಪ್ರಶ್ನೆ ಬಂದಿತ್ತಲ್ಲ, ಅದಕ್ಕೆ ಎರಡು ಉತ್ತರಗಳನ್ನೂ ಸರಿ ಅಂತ ಒಪ್ಪಿದ್ದರು. ಎರಡನೇ ಹೇಳಿಕೆ ಪ್ರತಿಯೊಂದು ಧಾತುವಿನ ಪರಮಾಣುವೂ ಸ್ಥಿರ ಅನ್ನುವ ಅರ್ಥದ್ದು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಹಾಗೇ ಇತ್ತು. ಹೊಸದರಲ್ಲಿ 'ಹೆಚ್ಚಿನ ಧಾತುಗಳ' ಅಂತ ತಿದ್ದಿದ್ದಾರೆ. ಯುರೇನಿಯಂ, ರೇಡಿಯಂ ಎಲ್ಲ ಇರುವಾಗ ಎಲ್ಲ ಪರಮಾಣುಗಳೂ ಸ್ಥಿರ ಹೇಗಾದಾವು? ಕೋರ್ಟು ದೆಹಲಿ ಐಐಟಿಯ ಮೂವರು ತಜ್ಞರ ಅಭಿಪ್ರಾಯ ಕೇಳಿತು. ಒಂದೇ ಉತ್ತರ ಸರಿ ಅಂತ ಅವರು ಹೇಳಿದರು.

ನಾನು ಓದಿದ್ದು ದೊಡ್ಡಮ್ಮನ ಮಗನ ಹಳೆಯ ಪುಸ್ತಕ. ಅಣ್ಣ ಪಿಯುಸಿ ಮುಗಿಸಿ ಇಂಜಿನಿಯರಿಂಗ್‌ಗೆ ಹೋದಾಗ ಕಟ್ಟು ಕಟ್ಟಿ ಕೊಟ್ಟಿದ್ದ. ಆ ಸಾಲಿನ ಕೆಳಗೆ ಅವನು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದ. ಅದರ ಮೇಲೆ ನಾನು ಹಳದಿ ಹೈಲೈಟರ್ ಬಳಿದಿದ್ದೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ನೋಡಿ ಖುಷಿಯಿಂದ ಉತ್ತರ ಹಾಳೆಯ ಬಬಲ್ ತುಂಬಿದ್ದೂ ನೆನಪಿದೆ. ಜುಲೈ 26ಕ್ಕೆ ಪರಿಷ್ಕೃತ ಫಲಿತಾಂಶ ಬಂತು. ಸರಿಯುತ್ತರದ ನಾಲ್ಕು ಹೋಯಿತು, ತಪ್ಪಿಗೆ ಒಂದು ಹೋಯಿತು. 541.

ಆ ಐದು ಅಂಕ ಹೋದದ್ದು ಒಂದು ರೀತಿ ಒಳ್ಳೆಯದೇ ಆಯಿತು. ಅಲ್ಲಿಯವರೆಗೆ ಅಳು ಬಂದಿರಲಿಲ್ಲ.

ಅಮ್ಮ ಬಿಡಿಎಸ್ ಅಂದರು. ಸಿಗುವ ಹಾಗೂ ಇತ್ತು. ಮಾವ ಬಿಎಸ್ಸಿ ಅಗ್ರಿ ಅಂದರು, ಸಿಇಟಿ ರ‍್ಯಾಂಕ್ ಚೆನ್ನಾಗಿತ್ತು. ಯಾರೂ ಕೆಟ್ಟದ್ದು ಹೇಳಲಿಲ್ಲ. ನನಗೇ ಬೇಡವಾಗಿತ್ತು. ಯಾಕೆ ಎಂಬಿಬಿಎಸ್ಸೇ ಬೇಕು ಅಂತ ಕೇಳಿದರೆ ಆಗ ನನ್ನ ಹತ್ತಿರ ದೊಡ್ಡ ಉತ್ತರವೇನೂ ಇರಲಿಲ್ಲ. ಬೇಕಿತ್ತು, ಅಷ್ಟೆ. ಆಗಸ್ಟ್ ಮೊದಲ ವಾರ ಲಾಂಗ್ ಟರ್ಮ್‌ಗೆ ಸೇರಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಪಿಯುಸಿ ಮುಗಿದವರು ಮತ್ತೆ ನೀಟ್ ಬರೆಯಲು ಒಂದು ವರ್ಷ ಕೋಚಿಂಗ್‌ಗೆ ಹೋಗುವುದಕ್ಕೆ ನಮ್ಮಲ್ಲಿ ಲಾಂಗ್ ಟರ್ಮ್ ಅನ್ನುತ್ತಾರೆ. "ಲಾಂಗ್ ಟರ್ಮ್ ತಗೊಂಡಿದ್ದಾಳಂತೆ" ಅಂತ ಜನ ಹೇಳುವ ಧಾಟಿ ಇದೆಯಲ್ಲ, ರಜೆ ಹಾಕಿ ಮನೆಯಲ್ಲಿ ಮಲಗಿದ್ದೇವೆ ಅನ್ನೋ ಹಾಗೆ.

ಅಲ್ಲಿ ಮೊದಲ ದಿನವೇ ಚಾಪ್ಟರ್ ಒಂದರಿಂದ ಶುರು. ಎರಡು ವರ್ಷ ಓದಿದ್ದನ್ನೇ ಮತ್ತೆ ಮೊದಲಿಂದ. ಯಾರಿಗೆ ಎಲ್ಲಿ ಪೆಟ್ಟು ಬಿದ್ದಿದೆ ಅಂತ ಯಾರೂ ಕೇಳಲಿಲ್ಲ. ಮೂರು ವಾರ ಹಾಗೇ ಹೋಯಿತು. ಗೊತ್ತಿರುವುದನ್ನು ಮತ್ತೆ ಓದುವುದರಷ್ಟು ಮೋಸದ ಕೆಲಸ ಇನ್ನೊಂದಿಲ್ಲ. ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುತ್ತೆ, ತಲೆ ಆಡುತ್ತೆ, ಒಳಗೆ ಏನೂ ಇಳಿಯಲ್ಲ. ದಿನಕ್ಕೆ ಹತ್ತು ಗಂಟೆ ಓದಿದ ತೃಪ್ತಿ ಮಾತ್ರ ಸಿಗುತ್ತೆ.

ಒಂದು ಭಾನುವಾರ ಅಣ್ಣ ಬಂದಿದ್ದ. ಅವನಿಗೆ ಎಲ್ಲದಕ್ಕೂ ಲೆಕ್ಕ ಬೇಕು. "ಪ್ರಶ್ನೆಪತ್ರಿಕೆ ಇಟ್ಕೊಂಡಿದ್ದೀಯಾ?" ಅಂದ. ನೀಟ್‌ನಲ್ಲಿ ಪ್ರಶ್ನೆಪತ್ರಿಕೆಯನ್ನು ಮನೆಗೆ ತರಬಹುದು, ಬಬಲ್ ತುಂಬಿದ ಉತ್ತರ ಹಾಳೆ, ಅಂದರೆ ಓಎಂಆರ್, ಅದರ ಪ್ರತಿಯೂ ಆಮೇಲೆ ನೋಡಲು ಸಿಗುತ್ತೆ. ಎರಡೂ ಇದ್ದವು. ಮೇ ತಿಂಗಳಿಂದ ಮುಟ್ಟಿರಲಿಲ್ಲ. ಊಟದ ಮೇಜಿನ ಮೇಲೆ ಎರಡನ್ನೂ ಹರಡಿ ಕೂತೆವು. ಸರಿ 143. ತಪ್ಪು 31. ಬಿಟ್ಟದ್ದು 6. "ತಪ್ಪಾದ 31 ಮಾತ್ರ ತಗೋ. ಒಂದೊಂದೂ ಯಾಕೆ ತಪ್ಪಾಯ್ತು ಹೇಳು" ಅಂದ.

"ಗಡಿಬಿಡಿ" ಅಂದೆ.

"ಗಡಿಬಿಡಿ ಕಾರಣ ಅಲ್ಲ. ಇನ್ನೊಂದು ಹೇಳು."

ಮೂರು ಗಂಟೆ ಹಿಡಿಯಿತು. ಕೊನೆಗೆ ಹೀಗೆ ಬಂತು: ನಿಜವಾಗಿ ಗೊತ್ತೇ ಇಲ್ಲದ್ದು 9. ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದು 7. ಓದಿದ್ದೆ, ಆದರೆ ನೆನಪು ಮಸುಕು, ಅದೂ 7. ಲೆಕ್ಕದಲ್ಲಿ ಸೊನ್ನೆ, ಘಾತ, ಚಿಹ್ನೆ ಎಡವಿದ್ದು 4. ಬಬಲ್ ತಪ್ಪು ಸಾಲಿನಲ್ಲಿ ತುಂಬಿದ್ದು 3. ಅಣ್ಣನ ಹಳೆಯ ಪುಸ್ತಕ 1. ಆ ಒಂದನ್ನು ಬರೆಯುವಾಗ ಅವನು ಕೆಮ್ಮಿದ.

ಬಬಲ್‌ನ ಮೂರಂತೂ ನೋಡಲಾಗಲಿಲ್ಲ. 2024ರಲ್ಲಿ ಪ್ರತಿ ವಿಭಾಗದಲ್ಲೂ 15 ಪ್ರಶ್ನೆ ಕೊಟ್ಟು ಹತ್ತಕ್ಕೆ ಉತ್ತರಿಸಿ ಅನ್ನುವ ಒಂದು ಭಾಗ ಇತ್ತು. ನಾನು ಒಂದು ಪ್ರಶ್ನೆ ಬಿಟ್ಟು ಮುಂದಿನದಕ್ಕೆ ಹೋದೆ, ಪೆನ್ನು ಮಾತ್ರ ಬಿಟ್ಟ ಪ್ರಶ್ನೆಯ ಸಾಲಿನಲ್ಲೇ ಉಳಿಯಿತು. ಮೂರು ಸಾಲು ಹಾಗೇ ಹೋಗಿ ನಾಲ್ಕನೆಯದಕ್ಕೆ ಸರಿಹೋಗಿದೆ. ಉತ್ತರ ಮೂರೂ ಸರಿ ಇದ್ದವು. ಒಂದೊಂದಕ್ಕೆ ಐದರಂತೆ ಹದಿನೈದು ಅಂಕ.

ಅವತ್ತು ರಾತ್ರಿ ಒಂದು ನೋಟ್‌ಬುಕ್ ಶುರು ಮಾಡಿದೆ. ಇನ್ನೂರು ಪುಟದ ಗೆರೆ ಹಾಕಿದ್ದು. ಮೂರು ಕಾಲಂ: ಏನು ಬರೆದೆ, ಯಾಕೆ ಬರೆದೆ, ಮುಂದಿನ ಸಲ ಎಲ್ಲಿ ನೋಡಬೇಕು. ಟೆಸ್ಟ್‌ನಲ್ಲಿ ತಪ್ಪಾದದ್ದೆಲ್ಲ ಅದರೊಳಗೆ. ನಡುವಿನ ಕಾಲಂನಲ್ಲಿ 'ಗಡಿಬಿಡಿ' ಬರೆಯುವ ಹಾಗಿಲ್ಲ ಅಂತ ಮೊದಲ ಪುಟದಲ್ಲೇ ಬರೆದುಕೊಂಡೆ.

ಒಂದು ಉದಾಹರಣೆ ಕೊಡುತ್ತೇನೆ, ಬಯಾಲಜಿ ಓದಿದವರಿಗೆ ಗೊತ್ತಾಗುತ್ತೆ. ಸಿ4 ಸಸ್ಯಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಮೊದಲು ಹಿಡಿಯುವುದು ಪಿಇಪಿ, ಮೂರು ಇಂಗಾಲದ ಅಣು. ಹಿಡಿದ ಮೇಲೆ ಮೊದಲು ತಯಾರಾಗುವುದು ಓಎಎ, ನಾಲ್ಕು ಇಂಗಾಲದ್ದು. ಎರಡೂ ನನಗೆ ನಿದ್ದೆಗಣ್ಣಲ್ಲೂ ಬರುತ್ತೆ. ಆದರೆ ಪ್ರಶ್ನೆಯಲ್ಲಿ 'ಮೊದಲ' ಅನ್ನುವ ಪದ ಕಂಡ ತಕ್ಷಣ ಓಎಎ ಅಂತ ಗುರುತು ಹಾಕುತ್ತಿದ್ದೆ. ಅವರು ಕೇಳಿದ್ದು ಹಿಡಿಯುವುದು ಯಾವುದು ಅಂತಲೋ, ತಯಾರಾಗುವುದು ಯಾವುದು ಅಂತಲೋ, ನೋಡುವುದೇ ಇಲ್ಲ. ನೋಟ್‌ಬುಕ್‌ನಲ್ಲಿ ಈ ಒಂದು ತಪ್ಪು ಸೆಪ್ಟೆಂಬರ್‌ನಲ್ಲಿ ಎರಡು ಸಲ ಬಂದಿದೆ, ಅಕ್ಟೋಬರ್‌ನಲ್ಲಿ ಮತ್ತೆ ಒಂದು ಸಲ. ಮೂರನೇ ಸಲದ ನಡುವಿನ ಕಾಲಂನಲ್ಲಿ "ನಾನು ಪ್ರಶ್ನೆಯ ಅರ್ಧ ಓದಿ ಉಳಿದದ್ದನ್ನು ನಾನೇ ಬರೆದುಕೊಳ್ಳುತ್ತೇನೆ" ಅಂತಿದೆ. ಅದು ಸತ್ಯ. ಅಮ್ಮ ಮಾತಾಡುವಾಗಲೂ ನಾನು ಹಾಗೇ ಮಾಡುವುದು.

'ಇವುಗಳಲ್ಲಿ ತಪ್ಪಾದ ಹೇಳಿಕೆ ಯಾವುದು' ಅಂತ ಕೇಳಿದಾಗ ಮೊದಲ ಸರಿ ಹೇಳಿಕೆಗೇ ಗುರುತು ಹಾಕುವುದು ಇನ್ನೊಂದು ಚಾಳಿ. ಅದಕ್ಕೆ ಉಪಾಯ ತೀರಾ ಸರಳ: 'ತಪ್ಪಾದ' ಅನ್ನುವ ಪದಕ್ಕೆ ಸುತ್ತು ಹಾಕಿ, ನಾಲ್ಕೂ ಹೇಳಿಕೆಗಳ ಪಕ್ಕ ಸರಿ ತಪ್ಪು ಬರೆದು, ಆಮೇಲೆ ಮಾತ್ರ ಓಎಂಆರ್ ಕಡೆ ನೋಡುವುದು. ನಾಲ್ಕು ಸೆಕೆಂಡ್ ಜಾಸ್ತಿ ಹಿಡಿಯುತ್ತೆ. ಎರಡು ವರ್ಷ ಈ ನಾಲ್ಕು ಸೆಕೆಂಡ್ ನನ್ನ ಹತ್ತಿರ ಇರಲಿಲ್ಲವಂತೆ!

ಅಪ್ಪ ದಿನಾ ಸಂಜೆ "ಇವತ್ತು ಎಷ್ಟು?" ಅಂತ ಕೇಳುತ್ತಿದ್ದರು. ಟೆಸ್ಟ್ ಅಂಕ. 580, 612, 604, 590. ಏರಿದರೆ ಒಂದು ಮುಖ, ಇಳಿದರೆ ಇನ್ನೊಂದು ಮುಖ, ಪಾಪ ಅವರಿಗೇ ಗೊತ್ತಾಗದ ಹಾಗೆ. ಒಂದು ದಿನ ತಡೆಯಲಾಗದೆ, "ಎಷ್ಟು ಅಂತ ಕೇಳಬೇಡಿ ಅಪ್ಪ, ಯಾವುದು ತಪ್ಪಾಯ್ತು ಅಂತ ಕೇಳಿ" ಅಂದೆ. ಅಪ್ಪ ಓದಿದ್ದು ಕಾಮರ್ಸ್. ಆದರೂ ಕೇಳಲು ಶುರು ಮಾಡಿದರು. ಅಷ್ಟೇ ಅಲ್ಲ, ನೆನಪಿಟ್ಟುಕೊಂಡರು. ಒಂದು ವಾರ ಬಿಟ್ಟು, ಚಪ್ಪಲಿ ಬಿಡುತ್ತಾ ಬಾಗಿಲಲ್ಲೇ ನಿಂತು, "ಆ ಪಿಇಪಿ ಇವತ್ತಾದರೂ ಸರಿಯಾಯ್ತಾ?" ಅಂದರು.

ನವೆಂಬರ್‌ನಲ್ಲಿ ಒಂಬತ್ತು ದಿನ ಪುಸ್ತಕ ಮುಟ್ಟಲಿಲ್ಲ. ಕಾರಣ ದೊಡ್ಡದೇನಲ್ಲ. ಪಿಯುಸಿಯಲ್ಲಿ ನನ್ನ ಪಕ್ಕದ ಬೆಂಚಿನವಳು ಬಿಳಿ ಕೋಟು ಹಾಕಿಕೊಂಡ ಫೋಟೋ ಸ್ಟೇಟಸ್‌ಗೆ ಹಾಕಿದ್ದಳು. ಅವಳ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅಂತ ಪ್ರಯತ್ನಿಸಿದೆ, ಆಗಲಿಲ್ಲ, ಪಟ್ಟೆ. ಹತ್ತನೇ ದಿನ ಬೇಜಾರಿಗೇ ಬೇಜಾರಾಗಿ ಓದಲು ಕೂತೆ. ಇದರಲ್ಲಿ ಹೇಳಿಕೊಳ್ಳುವಂಥ ಛಲಗಿಲ ಏನೂ ಇಲ್ಲ.

ಜನವರಿಯಲ್ಲಿ ಹೊಸ ಸುದ್ದಿ. 2025ರಿಂದ ಆಯ್ಕೆಯ ಪ್ರಶ್ನೆಗಳು ಇಲ್ಲ. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90, ಒಟ್ಟು 180, ಎಲ್ಲವೂ ಕಡ್ಡಾಯ. ಮುಂಚೆ ಇದ್ದ 200 ನಿಮಿಷ ಹೋಗಿ 180 ನಿಮಿಷ. ಅಂದರೆ ಓದಿ, ಯೋಚಿಸಿ, ಬಬಲ್ ತುಂಬಲು ಪ್ರಶ್ನೆಗೆ ಒಂದೇ ನಿಮಿಷ. ಅಷ್ಟು ದಿನ ಹಳೆಯ ಮಾದರಿಯಲ್ಲೇ ಟೆಸ್ಟ್ ಬರೆದಿದ್ದೆವು. ಕ್ಲಾಸಿನಲ್ಲಿ ಎಲ್ಲರೂ ಬೈದುಕೊಂಡರು. ನನಗೆ ಒಳಗೊಳಗೇ ಸಮಾಧಾನ, ಬಬಲ್ ಜಾರುವ ಆ ಹತ್ತು-ಹದಿನೈದರ ಭಾಗ ಹೋಯಿತಲ್ಲ ಅಂತ.

ಮೇ 4, ಭಾನುವಾರ. ಮಧ್ಯಾಹ್ನ ಒಂದೂವರೆಗೆ ಗೇಟು ಮುಚ್ಚುತ್ತೆ, ಎರಡರಿಂದ ಐದರವರೆಗೆ ಪರೀಕ್ಷೆ. ವಾಚು ಇಲ್ಲ, ಪೆನ್ನೂ ಅವರೇ ಕೊಡುವುದು. ನಾನು ಬಯಾಲಜಿಯಿಂದ ಶುರು ಮಾಡಿದೆ. 'ತಪ್ಪಾದ' ಕಂಡಲ್ಲೆಲ್ಲ ಸುತ್ತು. 88 ಮಾಡಿ ತಲೆ ಎತ್ತಿದರೆ ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ ಇತ್ತು. ಎಲ್ಲ ಅಂದುಕೊಂಡ ಹಾಗೇ. ಕೆಮಿಸ್ಟ್ರಿ ಸ್ವಲ್ಪ ಎಳೆಯಿತು, 38 ಆಯಿತು. ಆಮೇಲೆ ಫಿಸಿಕ್ಸ್ ಪುಟಕ್ಕೆ ತಿರುಗಿದೆ.

ಆ ವರ್ಷ ಬರೆದವರಿಗೆ ಆ ಪುಟ ಮರೆಯಲ್ಲ. ಮೊದಲ ಪ್ರಶ್ನೆ ಓದಿದೆ, ಉದ್ದ ಇತ್ತು, ಆಮೇಲೆ ನೋಡೋಣ ಅಂತ ಬಿಟ್ಟೆ. ಎರಡನೆಯದನ್ನೂ ಬಿಟ್ಟೆ. ಮೂರನೆಯದಕ್ಕೆ ಸಮೀಕರಣ ಬರೆದು ಅರ್ಧ ಪುಟ ಗೀಚಿದ ಮೇಲೆ ಬಂದ ಉತ್ತರ ನಾಲ್ಕು ಆಯ್ಕೆಗಳಲ್ಲಿ ಇರಲಿಲ್ಲ. ನಾಲ್ಕು, ಐದು, ಆರು ಬಿಟ್ಟೆ. ಕೈ ಬೆವರಿ ಪೆನ್ನು ಜಾರುತ್ತಿತ್ತು. ಪಕ್ಕದ ಸಾಲಿನಲ್ಲಿ ಒಬ್ಬ ಹುಡುಗ ಪೆನ್ನು ಕೆಳಗಿಟ್ಟು ಫ್ಯಾನ್ ನೋಡುತ್ತಾ ಕೂತಿದ್ದ. ಅವನನ್ನು ನೋಡಿ ನನಗೆ ಯಾಕೋ ಸ್ವಲ್ಪ ಧೈರ್ಯ ಬಂತು. ಕೊನೆಗೆ 45ರಲ್ಲಿ 22 ಮಾಡಿದೆ. ಒಟ್ಟು 32 ಪ್ರಶ್ನೆ ಖಾಲಿ.

ಹೊರಗೆ ಬಂದು ಅಮ್ಮನಿಗೆ "ಹೋಯ್ತು" ಅಂದೆ. ಅಮ್ಮ "ಏನು ಹೋಯ್ತು?" ಅಂದರು. "ವರ್ಷ" ಅಂದೆ.

ಕೀ ಆನ್ಸರ್ ಬಂದಾಗ ನೋಡಿದರೆ ಸರಿ 127, ತಪ್ಪು 21, ಅಂಕ 487. ಅಣ್ಣ ಇದಕ್ಕೂ ಒಂದು ಲೆಕ್ಕ ತಂದ. ನಾಲ್ಕು ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ನಾಲ್ಕರಲ್ಲಿ ಮೂರು ಹೋದರೂ ಒಂದು ಅಂಕ ಲಾಭ. 32 ಖಾಲಿ ಬಿಟ್ಟೆಯಲ್ಲ, ಸುಮ್ನೆ ತುಂಬಿದ್ದರೂ ಎಂಟು ಅಂಕ ಬರಬಹುದಿತ್ತು ಅಂದ. ಲೆಕ್ಕ ಸರಿಯೇ. ಆದರೆ ಅವನು ಆ ಹಾಲ್‌ನಲ್ಲಿ ಇರಲಿಲ್ಲ. ಎರಡು ದಿನ ಅವನ ಫೋನ್ ಎತ್ತಲಿಲ್ಲ.

ಆ ನಲವತ್ತು ದಿನ ಹೇಗೆ ಕಳೆದೆ ಅಂತ ಬರೆಯುವುದಿಲ್ಲ. ಬಿಎಸ್ಸಿ ಅಗ್ರಿ ಬಗ್ಗೆ ಮಾವನಿಗೆ ನಾನೇ ಫೋನ್ ಮಾಡಿದ್ದೆ ಅಂದರೆ ಸಾಕು.

ಜೂನ್ 14ಕ್ಕೆ ಫಲಿತಾಂಶ. 720 ಯಾರಿಗೂ ಇಲ್ಲ. ದೇಶಕ್ಕೇ ಮೊದಲು ಬಂದವನ ಅಂಕ 686. ನನ್ನ ರ‍್ಯಾಂಕ್ ಐವತ್ತು ಸಾವಿರ ದಾಟಿ ಸ್ವಲ್ಪ ಆಚೆ. ಈ ಸಲವೂ ಬೆರಳಿಟ್ಟು ಎಣಿಸಿದೆ. ಐದು ಅಂಕಿ. 54 ಅಂಕ ಕಡಿಮೆ ತಗೊಂಡು ಸುಮಾರು ಒಂದು ಲಕ್ಷ ಜನರನ್ನು ದಾಟಿದ್ದೆ. ಅಪ್ಪ "ಎಷ್ಟಾಯ್ತಮ್ಮ?" ಅಂದರು. ಈ ಸಲ ರ‍್ಯಾಂಕ್ ಮೊದಲು ಹೇಳಿದೆ. ರಾಜ್ಯದ ಸೀಟು ಹಂಚುವ ಕೆಇಎ ಕೌನ್ಸೆಲಿಂಗ್‌ನ ಎರಡನೇ ಸುತ್ತಿನಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕಿತು.

ಈಗ ತಂಗಿಯ ಪ್ರಶ್ನೆಗೆ ಬರುತ್ತೇನೆ. ರ‍್ಯಾಂಕ್ ಸುಧಾರಿಸಿದ್ದರಲ್ಲಿ ನನ್ನ ಪಾಲೆಷ್ಟು, ಕಷ್ಟದ ಪೇಪರಿನ ಪಾಲೆಷ್ಟು ಅಂತ ಬಿಡಿಸಿ ಹೇಳಲಾರೆ. ನನಗೆ ಫಿಸಿಕ್ಸ್ ಇನ್ನೂ ಚೆನ್ನಾಗಿ ಬರುತ್ತಿದ್ದರೆ ಹೋದ ವರ್ಷ ಇದಕ್ಕಿಂತ ಚೆನ್ನಾಗಿ ಆಗುತ್ತಿತ್ತು, ಅದೂ ನಿಜ. ಒಂದನ್ನು ಮಾತ್ರ ಧೈರ್ಯವಾಗಿ ನನ್ನದು ಅನ್ನಬಲ್ಲೆ: ಪ್ರಶ್ನೆ ತಪ್ಪಾಗಿ ಓದಿ ಕಳೆದುಕೊಂಡದ್ದು ಏಳರಿಂದ ಒಂದಕ್ಕೆ ಇಳಿದಿತ್ತು. ಬಬಲ್ ಜಾರಿದ್ದು ಸೊನ್ನೆ.

ಎಷ್ಟು ಸಲ ಬೇಕಾದರೂ ನೀಟ್ ಬರೆಯಬಹುದು, ಮಿತಿ ಇಲ್ಲ. ಗರಿಷ್ಠ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದರು. ಬಾಗಿಲು ಯಾರೂ ಮುಚ್ಚಲ್ಲ ಅನ್ನುವುದು ಕೇಳಲು ಚಂದ. ನಮ್ಮ ಲಾಂಗ್ ಟರ್ಮ್ ಕ್ಲಾಸಿನಲ್ಲಿ ನಾಲ್ಕನೇ ಸಲ ಬರೆಯುವವನೊಬ್ಬ ಇದ್ದ. ಪ್ರತಿ ಚಾಪ್ಟರ್‌ಗೂ ಅವನ ನೋಟ್ಸ್ ಮೇಷ್ಟ್ರ ನೋಟ್ಸ್‌ಗಿಂತ ಚೆನ್ನಾಗಿತ್ತು. ಟೆಸ್ಟ್ ಪೇಪರ್ ಕೊಟ್ಟ ತಕ್ಷಣ ಮಡಚಿ ಬ್ಯಾಗಿಗೆ ಹಾಕುತ್ತಿದ್ದ, ತಪ್ಪು ಯಾವುದು ಅಂತ ಒಂದು ದಿನವೂ ತೆರೆದು ನೋಡಿದ್ದು ಕಾಣಲಿಲ್ಲ. ಅವನ ಬಗ್ಗೆ ಆಗಾಗ ಯೋಚನೆ ಬರುತ್ತೆ.

ಬೆಳಿಗ್ಗೆ ತಂಗಿಗೆ ಫೋನ್ ಮಾಡಿ ಇಷ್ಟೇ ಕೇಳಿದೆ: "ನಿನ್ನ ಪ್ರಶ್ನೆಪತ್ರಿಕೆ ಇದೆಯಾ?" ಕಪಾಟಿನ ಮೇಲಿದೆಯಂತೆ. "ಭಾನುವಾರ ತಗೊಂಡು ಬಾ. ಓಎಂಆರ್ ಪ್ರತಿಯನ್ನೂ ತಾ. ರಿಪೀಟ್ ಮಾಡ್ಬೇಕೋ ಬೇಡ್ವೋ ಆಮೇಲೆ ಮಾತಾಡೋಣ" ಅಂದೆ. ಅವಳ 'ಗೊತ್ತೇ ಇಲ್ಲದ್ದು' ಒಂಬತ್ತು ಬರುತ್ತೋ ಮೂವತ್ತು ಬರುತ್ತೋ ನೋಡಬೇಕು. ಮೂವತ್ತು ಬಂದರೆ ಅವಳ ವರ್ಷ ನನ್ನ ವರ್ಷದ ಹಾಗೆ ಇರಲ್ಲ.

"ನಿನ್ನ ನೋಟ್‌ಬುಕ್ ಕೊಡ್ತೀಯಾ ಅಕ್ಕಾ?" ಅಂದಳು. ಕೊಡ್ತೀನಿ, ನೋಡಿ ನಗಬಹುದು, ಆದರೆ ನಿನ್ನ ತಪ್ಪು ನೀನೇ ಬರ್ಕೋಬೇಕು ಅಂದೆ. ಎನ್‌ಸಿಇಆರ್‌ಟಿ ಪುಸ್ತಕಗಳನ್ನೂ ಕೇಳಿದಳು. ಅಣ್ಣನ ಆ ಕಟ್ಟು ಇನ್ನೂ ನನ್ನ ಹತ್ತಿರವೇ ಇದೆ. ಫಿಸಿಕ್ಸ್ ಪುಸ್ತಕ ತೆಗೆದು ಆ ಪುಟ ನೋಡಿದೆ. ಪೆನ್ಸಿಲ್ ಗೆರೆ, ಹಳದಿ ಹೈಲೈಟರ್, ಅದರ ಮೇಲೆ ಜುಲೈನಲ್ಲಿ ಕೆಂಪು ಪೆನ್ನಿನಲ್ಲಿ ನಾನು ಒತ್ತಿ ಗೀಚಿದ್ದು ಹಿಂದಿನ ಪುಟಕ್ಕೂ ಮೂಡಿದೆ.

"ಅದು ಬೇಡ, ಹೊಸದು ತಗೋ" ಅಂದೆ.